ಷೋಕೇಸಿನಲ್ಲಿಟ್ಟ ಬ್ಲೇಡು

ಶಿಕಾರಿಪುರದ ಬಡಗಿ ಜಬೀವುಲ್ಲಾ ಕನ್ನಡಿ ಚೌಕಟ್ಟಿನ ಮೂಲೆಯ ಸಂದಿಗೆ ಮರದ ಹೊಟ್ಟು ಕಲಸಿದ ಗೋಂದನ್ನು ಹೆಬ್ಬೆರಳಿನಿಂದ ಮೆತ್ತುತ್ತಿದ್ದ. ಅದನ್ನು ಕಂಡು ಹೆಂಡತಿ ಆತಿಫಾಗೆ ಹೇಸಿಗೆಯಾಯಿತು. ಮೂಗು ಒರೆಸದ ಮಗುವಿನ ಮುಖದಂತಿತ್ತು ಆ ಮೂಲೆ. ಸೊರಬದಲ್ಲಿ ಹೊಸ ಮನೆ ಹೊಕ್ಕ ತಂಗಿಗೆ ಅವಳು ಇವತ್ತೇ ಆ ಕನ್ನಡಿಯನ್ನು ಉಡುಗೊರೆಯಾಗಿ ಒಯ್ಯಬೇಕಿತ್ತು. ತಂಗಿಯ ಅತ್ತೆಯೋ, ಎಲ್ಲವನ್ನೂ ಕೆರೆದು ನೋಡುವವಳು.

ಮೂಲೆ ಕೊಯ್ಯುವ ಮಷಿನ್ನಿನ ಹಳೇ ಬ್ಲೇಡಿಗೆ ಇಪ್ಪತ್ನಾಲ್ಕೇ ಹಲ್ಲು. ಅದು ಮರವನ್ನು ಕೊಯ್ಯದೆ ಹರಿದು, ಮೂಲೆಯಲ್ಲಿ ಸಂದಿ ಬಿಡುತ್ತಿತ್ತು. ಎಂಬತ್ತು ಹಲ್ಲಿನ ಹೊಸದು ಬಂದು ಮೂರು ತಿಂಗಳಾದರೂ ಮದುವೆಯ ಪಿಂಗಾಣಿ ತಟ್ಟೆಗಳ ಜೊತೆ ಷೋಕೇಸಿನಲ್ಲೇ ಕೂತಿತ್ತು.

"ಅದನ್ನ ಹಾಕ್ರೀ."

"ಏ, ಅದು ದೊಡ್ಡ ಆರ್ಡರಿಗೆ ಇಟ್ಟೀನಿ. ಸುಮ್ಸುಮ್ನೆ ಸವೀತೈತೆ."

"ನನ್ನ ತಂಗಿ ಸಣ್ಣ ಆರ್ಡರಾ? ಥೂ! ಹಿಂಗೆ ಮೆತ್ತೋಕೆ ಬಡಗಿ ಯಾಕ್ರೀ, ಗಾರೆಯವನೇ ಸಾಕಿತ್ತು!"

ಅವನು ಗೊಣಗುತ್ತಲೇ ಪ್ಲಗ್ ಕಿತ್ತು, ಬ್ಲೇಡು ಬದಲಿಸಿ, ಹೊಸ ಪಟ್ಟಿಗಳನ್ನು ಕೊಯ್ದ. ತುದಿಗಳು ಗಾಜಿನಷ್ಟು ನುಣುಪಾಗಿ ಬಂದವು. ಮೂಲೆ ಕೂಡಿಸಿದರೆ ನಡುವೆ ಕೂದಲೂ ತೂರುವಂತಿರಲಿಲ್ಲ. ಆತಿಫಾ ಇನ್ನೇನು ನಗುವುದರಲ್ಲಿದ್ದಳು, ಅಷ್ಟರಲ್ಲಿ ಅವನು ಹೊಸ ಬ್ಲೇಡನ್ನು ಬಿಚ್ಚಿ, ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತತೊಡಗಿದ.

"ಹಳೇದೆಲ್ಲಿ?" ಎಂದು ಅವನು ಬೆಂಚಿನ ಕೆಳಗೆ ಬಗ್ಗಿ ಹುಡುಕಿದ.

"ನೀವು ಕೊಯ್ಯೋವಾಗ ಗುಜರಿಯವನು ಬಂದಿದ್ದ. ಕೊಟ್ಟುಬಿಟ್ಟೆ."

ಜಬೀವುಲ್ಲಾನ ಮುಖ ಸುಟ್ಟ ಬದನೆಕಾಯಿಯಾಯಿತು. ಹೊಸ ಬ್ಲೇಡಿಗೆ ಸುತ್ತಿದ್ದ ಪೇಪರನ್ನು ಬಿಚ್ಚಿದ.