ಹಗ್ಗದೊಳಗಿನ ಕುರ್ಚಿ

ಅದು ಆ ಪ್ರವಾಸದ ನಾಲ್ಕನೆಯ ಅರಮನೆ. ಅಷ್ಟು ಹೊತ್ತಿಗೆ ಅವಳಿಗೆ ಗೋಡೆಯ ಪಟಗಳ ಎಲ್ಲ ರಾಜರೂ ಒಬ್ಬನೇ ರಾಜನಂತೆ ಕಾಣತೊಡಗಿದ್ದರು. ಅದೇ ಮೀಸೆ, ಅದೇ ಕುದುರೆ, ಸೊಂಟದ ಮೇಲೆ ಅದೇ ಕೈ. ಊಟದ ಮೇಜುಗಳನ್ನು ಕಂಡಾಗಲೆಲ್ಲ ಅವಳಿಗೆ ಬರುತ್ತಿದ್ದ ಯೋಚನೆ ಒಂದೇ: ಈ ತುದಿಯಿಂದ ಆ ತುದಿಗೆ ಬಡಿಸುವವರ ಕಾಲಿನ ಗತಿಯೇನು?

ಗಂಡ ಮುಂದೆ ಮುಂದೆ ಫೋಟೊ ತೆಗೆಯುತ್ತ ನಡೆಯುತ್ತಿದ್ದ. ಅವನ ಪದ್ಧತಿಯೇ ಹಾಗೆ. ಮೊದಲು ಫೋಟೊ, ನೋಡುವುದೇನಿದ್ದರೂ ಮನೆಗೆ ಹೋದ ಮೇಲೆ. ಅವನ ಹಿಂದೆ ಅವನ ಅಕ್ಕ, ಅಂದರೆ ಇವಳ ಅತ್ತಿಗೆ, ಅರಮನೆಯವರು ಎಲ್ಲೆಲ್ಲಿ ಧೂಳು ಒರೆಸಿಲ್ಲ ಎಂದು ಪತ್ತೆ ಹಚ್ಚುತ್ತ ಬರುತ್ತಿದ್ದರು. ಕೊನೆಯಲ್ಲಿ ಇವಳು, ಹೆಗಲಿಗೆ ಚೀಲ. ಮೂವರ ಟಿಕೆಟ್ಟು, ಹೋಟೆಲ್ ಕೋಣೆಯ ಕೀಲಿ, ಗಂಡನ ಓದುವ ಕನ್ನಡಕ, ಅವನ ಬಿ.ಪಿ. ಮಾತ್ರೆ, ಅತ್ತಿಗೆಯ ಸ್ವೆಟರ್, ಎಲ್ಲವೂ ಅದರೊಳಗೆ. ಹಿಮ್ಮಡಿ ನೋಯುತ್ತಿದೆ ಎಂದು ಅವಳು ಎರಡನೆಯ ಅರಮನೆಯಲ್ಲೇ ಹೇಳಿದ್ದಳು. "ನಡೀತಾ ನಡೀತಾ ಸರಿಹೋಗುತ್ತೆ ಕಣೆ" ಎಂದಿದ್ದ ಗಂಡ, ಒಂದು ಫಿರಂಗಿಯ ಫೋಟೊ ತೆಗೆಯುತ್ತ.

ಅರಮನೆಗಳಲ್ಲಿ ಕುರ್ಚಿಗಳಿಗೇನು ಬರವಿಲ್ಲ. ಆದರೆ ಪ್ರತಿಯೊಂದರ ಮುಂದೂ ಮಖಮಲ್ಲಿನ ಕೆಂಪು ಹಗ್ಗ. ಹೀಗಿರುವಾಗ, ಕಿಟಕಿಯ ಕೋಣೆಯೊಂದರಲ್ಲಿ ಹಗ್ಗವೇ ಇಲ್ಲದ ಕುರ್ಚಿ ಕಂಡಿತು. ನಿಜ ಹೇಳಬೇಕೆಂದರೆ ಹಗ್ಗ ಇತ್ತು. ಗುಡಿಸುವವಳು ಒಂದು ತುದಿಯ ಕೊಂಡಿ ಕಳಚಿ ಮರೆತು ಹೋಗಿದ್ದಳು, ಅದು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಅಂತೂ ಯಾರಿಗೋ ಬುದ್ಧಿ ಬಂದು ಪ್ರವಾಸಿಗಳಿಗೂ ಒಂದು ಕುರ್ಚಿ ಹಾಕಿದ್ದಾರೆ ಅಂದುಕೊಂಡು ಅವಳು ಕುಳಿತಳು. ಮೆತ್ತೆ ಅವಳನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ಚಪ್ಪಲಿ ಕಳಚಿ ಕಣ್ಣು ಮುಚ್ಚಿದಳು.

ಆಗಲೇ ಗೈಡ್ ಒಂದು ಗುಂಪನ್ನು ಕರೆದುಕೊಂಡು ಬಂದ. ನೆಲದ ಮೇಲಿನ ಹಗ್ಗ ಕಂಡದ್ದೇ ತಡ, ಕೈ ತಾನಾಗಿಯೇ ಅದನ್ನೆತ್ತಿ ಕೊಂಡಿಗೆ ಸಿಕ್ಕಿಸಿತು. ಕುರ್ಚಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ವರ್ಷಗಟ್ಟಲೆ ಅದೇ ಕೋಣೆಗಳನ್ನು ತೋರಿಸಿದವನಿಗೆ ನೋಡುವ ಅಭ್ಯಾಸ ಎಂದೋ ತಪ್ಪಿಹೋಗಿತ್ತು.

"ಇದು ರಾಣಿಯವರ ಕುರ್ಚಿ. ಬೇಟೆಗೆ ಹೋದ ಮಹಾರಾಜರು ಬರೋ ದಾರೀನ ರಾಣಿಯವರು ಇಲ್ಲೇ ಕೂತು, ಈ ಕಿಟಕಿಯಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ರು" ಎಂದ.

"ಬೊಂಬೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡ್ರೀ" ಎಂದಳು ಗುಂಪಿನ ಹೆಂಗಸೊಬ್ಬಳು. "ಸುಸ್ತು ಎಷ್ಟು ನಿಜ ಅನ್ನಿಸುತ್ತೆ!"

"ಕಾಲು ಊದಿರೋದು ಕೂಡ ಮಾಡಿದ್ದಾರೆ" ಎಂದ ಅವಳ ಗಂಡ.

ಗೈಡ್ ಆಗ ತಿರುಗಿದ. ಬೊಂಬೆ ಕಣ್ಣು ತೆರೆಯಿತು. ಗುಂಪಿನವರು ಚಪ್ಪಾಳೆ ತಟ್ಟಿದರು. ಗೈಡ್ ಅಧಿಕಾರಿಯನ್ನು ಕರೆಯಲು ಓಡಿದ.

ಅಧಿಕಾರಿ ಬರುವ ಹೊತ್ತಿಗೆ ಗಂಡ ಮತ್ತು ಅತ್ತಿಗೆ ಹುಡುಕಿಕೊಂಡು ವಾಪಸ್ಸು ಬಂದಿದ್ದರು.

"ಇಲ್ಲಿ ಕೂತ್ಕೊಂಡಿದ್ಯಾ? ಏಳೇ, ಬಸ್ಸಿಗೆ ಹೊತ್ತಾಯ್ತು" ಎಂದು ಗಂಡ ಹಗ್ಗದ ಮೇಲೆ ಕೈಚಾಚಿದ.

"ಮುಟ್ಟಬೇಡಿ!" ಅಧಿಕಾರಿ ಬಾಗಿಲಿನಿಂದಲೇ ಕೂಗಿದರು. ತೆಳ್ಳಗಿನ ಮನುಷ್ಯ. ನಿಯಮ ಎಂಬ ಮಾತನ್ನು ತಿಂಡಿಯ ಹಾಗೆ ಸವಿಯುವವರು. "ಹಗ್ಗದ ಒಳಗಿರೋದೆಲ್ಲ ಅರಮನೆಗೆ ಸೇರಿದ್ದು ಸಾರ್. ನಿಯಮ. ಒಳಗಿನ ವಸ್ತೂನ ಕದಲಿಸಬೇಕು ಅಂದ್ರೆ ಕೈಗವಸು ಹಾಕ್ಕೊಂಡು ನಮ್ಮ ತಜ್ಞರೇ ಬರ್ಬೇಕು. ಅವರು ರಜದಲ್ಲಿದ್ದಾರೆ. ಸೋಮವಾರ ಬರ್ತಾರೆ."

"ವಸ್ತುನಾ? ರೀ ಸ್ವಾಮಿ, ಅವಳು ನನ್ನ ಹೆಂಡ್ತಿ!"

"ಇರಬಹುದು. ಟಿಕೆಟ್ ತೋರಿಸಿ."

"ಟಿಕೆಟ್ ಅವಳ ಚೀಲದಲ್ಲಿದೆ."

ಅಧಿಕಾರಿ ಅವಳ ಮಡಿಲಲ್ಲಿದ್ದ ಚೀಲವನ್ನು ನೋಡಿದರು. "ಚೀಲಾನೂ ಒಳಗೇ ಇದೆಯಲ್ಲ ಸಾರ್."

"ಅಂದ್ರೆ ನನ್ನ ಮಾತ್ರೆ? ಕನ್ನಡಕ? ರೂಮಿನ ಕೀಲಿ?"

"ಎಲ್ಲ ಸುರಕ್ಷಿತವಾಗಿರುತ್ತೆ. ಆ ವಿಷಯದಲ್ಲಿ ನಮ್ಮ ಹೆಸರು ಚೆನ್ನಾಗಿದೆ."

ಅತ್ತಿಗೆ ಸೊಂಟಕ್ಕೆ ಕೈಯಿಟ್ಟರು. "ನೋಡೋ, ನಾನು ಅವತ್ತೇ ಹೇಳ್ಲಿಲ್ವಾ? ಇವಳು ಕೂತಲ್ಲೇ ಬೇರು ಬಿಡ್ತಾಳೆ ಅಂತ. ಏಳಮ್ಮ ಮಹಾರಾಣಿ! ನನ್ನ ಸ್ವೆಟರಾದ್ರೂ ಕೊಡು."

ಅವಳು ಏಳಲು ಹೊರಟಿದ್ದಳು. ಎಂದಿನಂತೆ ಕ್ಷಮೆಯ ಮಾತು ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಧಿಕಾರಿ ಕೈಯೆತ್ತಿ ತಡೆದರು.

"ಅವಸರ ಬೇಡ ಮೇಡಂ. ಇದು ನೀವು ತೀರ್ಮಾನ ಮಾಡ್ಬೇಕಾದ ವಿಷಯ. ನೀವಾಗಿ ಎದ್ದು ಬಂದ್ರೆ ನೀವು ಪ್ರವಾಸಿ. ತಪ್ಪಾಯ್ತು ಅಂತ ಹೇಳಿ ಹೊರಡಬಹುದು. ಏಳದೆ ಇದ್ರೆ ನೀವು ವಸ್ತು. ಸೋಮವಾರದ ತನಕ ನಿಮ್ಮನ್ನ ಯಾರೂ ಕದಲಿಸೋ ಹಾಗಿಲ್ಲ. ಒಂದೇ ಷರತ್ತು, ವಸ್ತುಗಳು ಮಾತಾಡಲ್ಲ. ಒಂದು ಮಾತು ಬಾಯಿಂದ ಬಂದ್ರೂ ಪ್ರವಾಸಿ ಅಂತಲೇ ಲೆಕ್ಕ. ನೀವು ಏನು ಮೇಡಂ?"

ಅವಳು ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಮನೆಯಲ್ಲಿ ಅವಳನ್ನು ದಿನವಿಡೀ ಪ್ರಶ್ನೆ ಕೇಳುವವರಿಗೇನು ಕೊರತೆಯಿರಲಿಲ್ಲ. ಟವೆಲ್ ಎಲ್ಲಿ, ಸಕ್ಕರೆ ಯಾಕೆ ಕಡಿಮೆ, ಗ್ಯಾಸ್ ಆಫ್ ಮಾಡಿದೆಯಾ. ಉತ್ತರ ಆರಿಸಿಕೊಳ್ಳುವ ಪ್ರಶ್ನೆ ಬಂದು ಎಷ್ಟು ಕಾಲವಾಯಿತೋ. ವಸ್ತು ಅನ್ನಿಸಿಕೊಳ್ಳುವುದು ಅವಮಾನವೇ? ಇರಬಹುದು. ಆದರೆ ಈ ಕೋಣೆಯಲ್ಲಿ ವಸ್ತುಗಳ ಬಳಿ ಯಾರೂ ಏನನ್ನೂ ತಂದುಕೊಡು ಎನ್ನುತ್ತಿರಲಿಲ್ಲ. ಅವನ್ನು ಮುಟ್ಟಲು ಕೈಗವಸು ಬೇಕಿತ್ತು.

ಅವಳು ಬಾಯಿ ಮುಚ್ಚಿಕೊಂಡು ಬೆನ್ನನ್ನು ಮೆತ್ತೆಗೆ ಒರಗಿಸಿದಳು.

"ವಸ್ತು" ಎಂದು ಅಧಿಕಾರಿ ಘೋಷಿಸಿ, ಜೇಬಿನಿಂದ ಒಂದು ರಟ್ಟಿನ ಚೀಟಿ ತೆಗೆದರು. "ಯಾವ ಕಾಲದ್ದು ಸಾರ್?"

"ಏನು ಯಾವ ಕಾಲದ್ದು?"

"ಹುಟ್ಟಿದ ವರ್ಷ."

ಗಂಡ ಅಕ್ಕನ ಮುಖ ನೋಡಿದ. ಅಕ್ಕ ಚಾವಣಿಯ ಚಿತ್ತಾರ ನೋಡಿದರು. "ನನಗಿಂತ ಚಿಕ್ಕೋಳು" ಎಂದ ಅವನು ಕೊನೆಗೆ.

"ಕಾಲ: ಅನಿಶ್ಚಿತ" ಎಂದು ಬರೆದು, ಅಧಿಕಾರಿ ಚೀಟಿಯನ್ನು ಹಗ್ಗಕ್ಕೆ ಕಟ್ಟಿದರು.

ಆಮೇಲೆ ಗಂಡ ಎಲ್ಲವನ್ನೂ ಪ್ರಯತ್ನಿಸಿದ. ಮೊದಲು ಗದರಿದ. ಆಮೇಲೆ, ನಾಲ್ಕು ಜನರ ಮುಂದೆ ಮರ್ಯಾದೆ ತೆಗೀಬೇಡ ಎಂದ. ಆಮೇಲೆ ಬಸ್ಸಿನ ವಿಷಯ, ಬಿ.ಪಿ. ವಿಷಯ. ಅವಳು ಕಿಟಕಿಯಾಚೆ ಕೈತೋಟದಲ್ಲಿ ನೀರು ಹಾಯಿಸುತ್ತಿದ್ದ ಮಾಲಿಯನ್ನು ನೋಡುತ್ತಿದ್ದಳು. ಕೊನೆಗೆ ಅವನು ಹಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಧ್ವನಿ ತಗ್ಗಿಸಿ, "ಕಾಲು ಅಷ್ಟು ನೋಯ್ತಿದ್ಯೇನೆ?" ಎಂದ.

ಈ ಪ್ರಶ್ನೆಗಾಗಿ ಅವಳು ಎರಡು ಅರಮನೆ ಕಾದಿದ್ದಳು. ಹೂಂ ಎಂದರೆ ಸಾಕು. ಅವನು ತೋಳು ಕೊಟ್ಟು ಎಬ್ಬಿಸುತ್ತಾನೆ, ಬಸ್ಸಿನ ತನಕ ಚೀಲ ತಾನೇ ಹೊರುತ್ತಾನೆ. ನಾಳೆ? ನಾಳೆ ಐದನೆಯ ಅರಮನೆ. ತಾನು ಹಗ್ಗದ ಆಚೆಗಿದ್ದಾಗ ಕೇಳದವನು, ತಾನು ಈಚೆಗೆ ಬಂದ ಮೇಲೆ ಕೇಳುತ್ತಿದ್ದಾನೆ. ಮತ್ತೆ ಆಚೆಗೆ ಹೋದರೆ? ಅವಳು ತುಟಿ ಕಚ್ಚಿ ಹಿಡಿದಳು.

ಇದನ್ನೆಲ್ಲ ನೋಡುತ್ತಿದ್ದ ಅತ್ತಿಗೆ ಯಾವ ಮಾಯದಲ್ಲೋ ಕಾಣೆಯಾಗಿದ್ದರು. ಪಕ್ಕದ ಕೋಣೆಯಲ್ಲಿ ಮಂಚವೊಂದು ಜೋರಾಗಿ ಕಿರುಗುಟ್ಟಿತು. ಬಳಿಕ ಮಂಡಿ ಮಡಿಸಿ ಬಿಡಿಸಿದವರ ದೀರ್ಘ ನಿಟ್ಟುಸಿರು.

"ಅಯ್ಯೋ, ರಾಜಮಾತೆಯ ಮಂಚ!" ಎಂದು ಅಧಿಕಾರಿ ಓಡಿದರು. "ಮೇಡಂ, ಮೇಡಂ! ನೀವು ಏನು? ಹೇಳಿ!"

ಪಕ್ಕದ ಕೋಣೆಯಿಂದ ಉತ್ತರ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅತ್ತಿಗೆ ಬಾಯಿ ಮುಚ್ಚಿಕೊಂಡಿದ್ದರು.

ಅಷ್ಟರಲ್ಲಿ ಗೈಡ್ ಇನ್ನೊಂದು ಗುಂಪನ್ನು ತಂದು ನಿಲ್ಲಿಸಿದ. ಗಂಡ ಜನರ ಮಧ್ಯೆ ಸಿಕ್ಕಿ ಮುಂದಿನ ಸಾಲಿಗೆ ತಳ್ಳಲ್ಪಟ್ಟ.

"ಮಹಾರಾಜರು ಬರೋ ದಾರೀನ ರಾಣಿಯವರು ಇಲ್ಲೇ ಕೂತು..." ಗೈಡ್ ಶುರು ಮಾಡಿದ.

"ಸುಳ್ಳು" ಎಂದ ಗಂಡ. ಎಲ್ಲರೂ ತಿರುಗಿದರು. "ಇವಳು ಯಾರನ್ನೂ ಕಾಯ್ತಿಲ್ಲ. ಇವಳಿಗೆ ಹಿಮ್ಮಡಿ ನೋವು."

"ನಿಮಗೆ ಈ ವಸ್ತುವಿನ ಬಗ್ಗೆ ಗೊತ್ತಾ?" ವಯಸ್ಸಾದ ಪ್ರವಾಸಿಯೊಬ್ಬಳು ಆಸೆಯಿಂದ ಕೇಳಿದಳು.

"ಗೊತ್ತಾ ಅಂದ್ರೆ? ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

"ಹಾಗಾದ್ರೆ ಹೇಳಿ, ಇವರಿಗೆ ಊಟಕ್ಕೆ ಏನು ಇಷ್ಟ ಇತ್ತು?"

"ಊಟನಾ... ನಾವೆಲ್ಲ ತಿಂದು ಏನು ಉಳಿಯುತ್ತೋ ಅದು."

ಯಾರೋ ಮೆಲ್ಲಗೆ ಕೆಮ್ಮಿದರು. ಅವನು ತಾನಾಡಿದ ಮಾತು ಕಿವಿಗೆ ಬಿದ್ದವನಂತೆ ತಲೆ ಕೆರೆದುಕೊಂಡ. ಕುರ್ಚಿಯಲ್ಲಿ ಅವಳಿಗೆ ನಗು ಉಕ್ಕಿ ಬಂತು. ಹುರಿದ ಆಲೂಗಡ್ಡೆ ಕಣ್ರೀ, ಅಂಚು ಕಪ್ಪಾಗೋ ಹಾಗೆ ಹುರಿದದ್ದು, ಎಂದು ಕೂಗಬೇಕೆನ್ನಿಸಿತು. ಉಗುರನ್ನು ಅಂಗೈಗೆ ಒತ್ತಿ ನಗು ನುಂಗಿದಳು.

"ಹಾಡ್ತಿದ್ರಾ?"

"ಹಾಡು... ಮೊದಲು ಹಾಡ್ತಿದ್ಲು. ಮಿಕ್ಸಿ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸ್ತಿರಲಿಲ್ಲ."

"ಯಾವ ಬಣ್ಣ ಇಷ್ಟ?"

ಗಂಡ ಅವಳನ್ನು ನೋಡಿದ. ಕ್ಯಾಮೆರಾ ಎತ್ತದೆ, ಬರಿಗಣ್ಣಿನಲ್ಲಿ, ಮುಖದಿಂದ ಪಾದದವರೆಗೆ, ಗೊತ್ತಿಲ್ಲದ ಭಾಷೆಯ ಬೋರ್ಡು ಓದುವವನ ಹಾಗೆ. ಹೊರಗೆ ಅವರ ಬಸ್ಸು ಹಾರ್ನ್ ಹೊಡೆಯಿತು. ಮತ್ತೊಮ್ಮೆ, ಉದ್ದಕ್ಕೆ. ಅವನು ಬಾಗಿಲ ಕಡೆ ತಿರುಗಲಿಲ್ಲ.

"ಗೊತ್ತಿಲ್ಲ" ಎಂದ. "ಕೇಳಿಲ್ಲ. ಸೋಮವಾರ ಕೇಳ್ತೀನಿ."

ಜನ ಚದುರಿದರು. ಬಸ್ಸು ಹೊರಟ ಸದ್ದು ಕೈತೋಟ ದಾಟಿ ದೂರವಾಯಿತು. ಗಂಡ ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಕೊಂಡು ಬೆರಳು ಮಡಿಚುತ್ತ ತನ್ನಷ್ಟಕ್ಕೇ ಗೊಣಗತೊಡಗಿದ: ಬಣ್ಣ, ಹಾಡು, ಹುಟ್ಟಿದ ವರ್ಷ. ಅವಳು ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸೋಮವಾರ ಇನ್ನೂ ದೂರವಿತ್ತು. ಬೇಗ ಬಂದರೂ ಅಡ್ಡಿಯಿಲ್ಲ ಎಂದು ಮೊದಲ ಸಲ ಅನ್ನಿಸಿತು. ಆದರೂ ಅವಳು ಅಲ್ಲಾಡಲಿಲ್ಲ.