ಬೆಳಕಿಗೆ ಬಾರದ ಹಲ್ಲು

"ತಾತ, ನಿಜ ಹೇಳಿ. ಹಲ್ಲು ಸೆಟ್ಟನ್ನ ನಾನು ಕೊಟ್ಟ ದೀಪದ ಕೆಳಗೆ ಇಡ್ತಿದೀರಾ ಇಲ್ವಾ?"

ಟೇಲರ್ ತಾತ ಬಾಯಿ ತೆರೆದುಕೊಂಡೇ "ಹೂಂ" ಎಂದರು. ಹಲ್ಲಿನ ಡಾಕ್ಟರಮ್ಮ ನಂಬಲಿಲ್ಲ. ಒಸಡು ಟೊಮೇಟೊ ಹಣ್ಣಿನ ಹಾಗೆ ಕೆಂಪಗಿತ್ತು.

"ಸೆಟ್ಟಿಗೆ ಹಚ್ಚಿರೋದು ಬೆಳ್ಳಿ ಕಣದ ಲೇಪ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಕತ್ತಲಲ್ಲಿ ಅವು ಸೋಮಾರಿಗಳು. ಬೆಳಕು ಬಿದ್ರೇನೇ ಎದ್ದು ಕ್ರಿಮಿಗಳನ್ನ ಕೊಲ್ಲೋದು. ಎಲ್ಲಿಡ್ತೀರಿ?"

"ಗುಂಡಿ ಡಬ್ಬಿಯಲ್ಲಿ."

"ಮುಚ್ಚಳ ಹಾಕಿ?"

"ಬೆಳ್ಳಿ ಅಂದ್ರಲ್ಲಮ್ಮ, ಕಳ್ಳರ ಭಯ."

ಡಾಕ್ಟರಮ್ಮನಿಗೆ ನಗು ಬಂದರೂ ಮಾತು ಬಿಗಿಯಾಗಿಯೇ ಇತ್ತು. "ಈ ಸಲ ಒಸಡಿನ ಹುಣ್ಣು ಮಾಯದಿದ್ರೆ ಸೆಟ್ಟಿನ ಆಸೆ ಬಿಟ್ಬಿಡಿ. ಆಮೇಲೆ ಬೊಚ್ಚುಬಾಯೇ ಗತಿ."

ತಾತನಿಗಿದ್ದದ್ದು ಕಳ್ಳರ ಭಯವಲ್ಲ, ಹೆಂಡತಿಯ ಭಯ. ಮದುವೆಯಾಗಿ ಇನ್ನೂ ಎಂಟು ತಿಂಗಳು. ಇಬ್ಬರಿಗೂ ಎರಡನೆಯದು, ಇಬ್ಬರ ತಲೆಯೂ ಬೆಳ್ಳಗೆ. ಅಂಗಡಿಗೆ ಗುಂಡಿ ಹೊಲಿಯಲು ಬರುತ್ತಿದ್ದ ಗುಂಡಿಯಮ್ಮ ಒಂದು ದಿನ, "ನೀವು ನಕ್ಕರೆ ಚೆನ್ನಾಗಿರುತ್ತೆ" ಅಂದಿದ್ದೇ ಮದುವೆಗೆ ಮೂಲ. ಆ ನಗು ಡಾಕ್ಟರಮ್ಮ ಮಾಡಿಕೊಟ್ಟದ್ದೆಂದು ಹೇಳುವ ಧೈರ್ಯ ತಾತನಿಗೆ ಬರಲೇ ಇಲ್ಲ. ಮಲಗುವಾಗ ಸೆಟ್ಟು ಕಳಚಿ ಡಬ್ಬಿಗೆ ಹಾಕಿ, ಮೂಗಿನವರೆಗೂ ಹೊದ್ದುಕೊಂಡು ಗೋಡೆಗೆ ತಿರುಗಿಬಿಡುತ್ತಿದ್ದರು.

ಮರುದಿನ ಮಧ್ಯಾಹ್ನ ಗುಂಡಿಯಮ್ಮ ತರಕಾರಿಗೆಂದು ಹೊರಟ ಕೂಡಲೇ ತಾತ ಡಾಕ್ಟರಮ್ಮ ಕೊಟ್ಟಿದ್ದ ಪುಟ್ಟ ದೀಪವನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹಚ್ಚಿದರು. ಗಾಜಿನ ಲೋಟದ ನೀರಿನಲ್ಲಿ ಹಲ್ಲುಗಳು ನೀಲಿ ಬೆಳಕು ಕುಡಿಯುತ್ತ ಕೂತವು.

ಅಷ್ಟರಲ್ಲೇ ಬಾಗಿಲು ಕಿರ್ರೆಂದಿತು.

"ರೀ, ಚೀಲ ಮರೆತೆ. ಎಲ್ಲಿಟ್ರಿ?"

ತಾತನ ಕೈ ದೀಪದ ಗುಂಡಿಯತ್ತ ಹೋಯಿತು. ಆರಿಸಿ, ಲೋಟದ ಮೇಲೊಂದು ಬಟ್ಟೆ ಎಸೆದರೆ ಮುಗಿಯಿತು. ನಾಳೆಯೂ ಹೀಗೇ, ನಾಡಿದ್ದೂ ಹೀಗೇ. ಒಸಡು ಚುಳ್ಳೆಂದಿತು. ಕೈ ಹಿಂದಕ್ಕೆ ಬಂತು.

"ಶೀಲ ಬಾಗಿಲ ಹಿಂಜೆ ಇಜೆ," ಎಂದರು.

ಗುಂಡಿಯಮ್ಮ ನಿಂತಲ್ಲೇ ನಿಂತಳು. "ಶೀಲ? ಯಾವಳ್ರೀ ಅವಳು, ನಮ್ಮ ಬಾಗಿಲ ಹಿಂದೆ?"

ಆಮೇಲೆ ಅವಳಿಗೆ ಲೋಟ ಕಂಡಿತು. ಕಣ್ಣು ಲೋಟದಿಂದ ಗಂಡನ ಮುಖಕ್ಕೆ, ಮುಖದಿಂದ ಲೋಟಕ್ಕೆ ಓಡಾಡಿತು. ತಾತ ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು.

ಅವಳು ನಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಇದಕ್ಕಾ ಗೋಡೆ ಕಡೆ ತಿರುಗಿ ಮಲಗ್ತಿದ್ದಿದ್ದು?"

ತಾತ ತಲೆಯಾಡಿಸಿದರು.

"ನಾನೇನೋ, ನನ್ನ ಮುಖ ನೋಡೋಕೆ ಬೇಜಾರು ಇವರಿಗೆ, ಇವಳನ್ನ ಯಾಕಾದ್ರೂ ಕಟ್ಕೊಂಡೆನೋ ಅಂತಿರಬೇಕು ಅಂದ್ಕೊಂಡಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಟು ತಿಂಗಳು ನಿಮ್ಮ ಬೆನ್ನಿನ ಜೊತೆ ಸಂಸಾರ ಮಾಡಿದೆನಲ್ರೀ!"

"ಅಯ್ಯೋ, ಹಂಗಲ್ಲ…"

"ಎಷ್ಟು ಹೊತ್ತಿಡಬೇಕು ಇದನ್ನ?"

"ಒಂಜು ಗಂಟೆ."

"ಇಡಿ. ತರಕಾರಿ ಎಲ್ಲಿಗೂ ಓಡಿಹೋಗಲ್ಲ." ದೀಪಕ್ಕೆ ಅಡ್ಡ ಬರುತ್ತಿದ್ದ ಪರದೆಯನ್ನು ಅವಳೇ ಸರಿಸಿದಳು. "ಈಗ ಇನ್ನೊಂದು ಸಲ ಹೇಳಿ, ಯಾರಿದ್ದಾಳೆ ಬಾಗಿಲ ಹಿಂದೆ?"

ತಾತ ಹೇಳಲು ಹೋದರು, ಆಗಲಿಲ್ಲ. ನಗು ಒತ್ತರಿಸಿಕೊಂಡು ಬಂತು. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕರು. ಗುಂಡಿಯಮ್ಮ ಆ ಬೊಚ್ಚುಬಾಯನ್ನೇ ನೋಡುತ್ತ ಕೂತಳು.