ಒಬ್ಬಟ್ಟು ತಿಂದ ಕುದುರೆ

ಮತ್ತೆ ಕತ್ತು ತಿರುಗಿಸಿದಳು, ತನ್ನ ಪಕ್ಕೆಯನ್ನೇ ನೋಡಿಕೊಂಡಳು, ಒಳಗೆ ಯಾರೋ ಕೂತು ಚಿವುಟುತ್ತಿರುವ ಹಾಗೆ — ನಡಿ ಬಿಜಲಿ, ನಡಿ ತಾಯಿ, ಮಲಗಬೇಡ, ಮಲಗಿದರೆ ಹೊರಳುತ್ತೀಯ, ಹೊರಳಿದರೆ ಕರುಳು ತಿರುಚಿಕೊಂಡೀತು ಅಂತ ನನ್ನ ಜೀವ ಹೊಡೆದುಕೊಳ್ಳುತ್ತೆ. ಗೋವಿಂದರಾಜನಗರದ ಈ ಖಾಲಿ ಸೈಟಿನಲ್ಲಿ ಕಾಂಪೌಂಡಿನಿಂದ ಕಾಂಪೌಂಡಿಗೆ, ಹಗ್ಗ ಹಿಡಿದು ನಾನು, ಹಿಂದೆ ಈ ಬಿಳಿ ಹೆಣ್ಣುಕುದುರೆ, ಬಿಸಿಲು ನೆತ್ತಿಯ ಮೇಲೆ. ಬೆಳಿಗ್ಗೆ ಡಾಕ್ಟರ್ ಕುಸುಮಾ ಬಂದು ಸೂಜಿ ಚುಚ್ಚಿ, ಗಾಬರಿ ಬೇಡ ಸಂಘಮಿತ್ರಾ, ಸ್ವಲ್ಪ ಹೊಟ್ಟೆಶೂಲೆ ಅಷ್ಟೆ, ಮೇವು ನಿಲ್ಸಿ, ನೀರಿಡಿ, ಆಗಾಗ ನಿಧಾನಕ್ಕೆ ನಡೆಸಿ, ಲದ್ದಿ ಬಿದ್ರೆ ಒಳ್ಳೇ ಲಕ್ಷಣ, ಜಾಸ್ತಿಯಾದ್ರೆ ಫೋನ್ ಮಾಡಿ, ಇವತ್ತು ಮಾತ್ರ ಕೆಲಸಕ್ಕೆ ಕಟ್ಬೇಡಿ, ಅಂದು ಹೋದರು. ಸ್ವಲ್ಪ. ಈ ಸ್ವಲ್ಪವನ್ನು ಅಳೆಯುವ ಕೋಲು ನೋಯುವವರ ಕೈಯಲ್ಲಿ ಯಾವತ್ತು ಇತ್ತು, ಗಾರ್ಮೆಂಟ್ಸಿನಲ್ಲಿ ಅಮ್ಮನ ಬೆನ್ನುನೋವೂ ಸ್ವಲ್ಪವೇ ಇತ್ತಲ್ಲ ಸೂಪರ್‌ವೈಸರ್ ಕಣ್ಣಿಗೆ, ಸ್ವಲ್ಪ ತಡ್ಕೋ ಅಂಜಮ್ಮ, ಟಾರ್ಗೆಟ್ ಮುಗೀಲಿ, ಅವಳು ತಡೆದುಕೊಂಡಳು, ಬೆನ್ನು ತಡೆದುಕೊಳ್ಳಲಿಲ್ಲ, ಈಗ ಗೋಡೆ ಹಿಡಿದು ನಡೆಯುತ್ತಾಳೆ — ನಿಲ್ಲಬೇಡ ಬಿಜಲಿ, ಗೊರಸಿನಲ್ಲಿ ನೆಲ ಕೆರೆಯಬೇಡ, ಅಯ್ಯೋ ಮತ್ತೆ ಆ ಕತ್ತು, ಪಕ್ಕೆಯ ಕಡೆಗೇ ಆ ಕತ್ತು.

ಸಂಜೆ ಮೋಹನ್ ಕುಮಾರರ ಮಗಳ ರಿಸೆಪ್ಷನ್. ಅಳಿಯ ಕುದುರೆ ಮೇಲೆ ಛತ್ರಕ್ಕೆ ಬರಬೇಕು, ಬಿಜಲಿಯ ಮೇಲೆಯೇ, ಯಾಕೆಂದರೆ ಈ ಸೈಟು ಮೋಹನ್ ಕುಮಾರರದ್ದು, ಇಲ್ಲಿ ಕಟ್ಟಿಕೊಳ್ಳಲಿ ಅಂತ ಬಿಟ್ಟಿದ್ದಾರೆ, ಬಿಟ್ಟಿದ್ದನ್ನು ಬಿಡಿಸುವುದಕ್ಕೆ ಒಂದು ಮಾತು ಸಾಕು. ಅದೂ ಈ ನೋವು ಕೊಟ್ಟಿದ್ದು ಅವರ ಮನೆಯೇ! ನಿನ್ನೆ ಚಪ್ಪರದ ದಿನ ಫೋಟೋಗೆ ಅಂತ ಕರೆಸಿ, ಅವರ ತಾಯಿ ಲಿಂಗಮ್ಮನವರು ಪರಾತದ ತುಂಬ ಒಬ್ಬಟ್ಟು, ಮೇಲೆ ತುಪ್ಪ, ತಿನ್ನು ಲಕ್ಷ್ಮೀ ಅಂತ ಬಿಜಲಿಯ ಬಾಯಿಗಿಟ್ಟರು. ಗೇಟಿನ ಹೊರಗೆ ಪೇಪರ್ ಪ್ಲೇಟು ಹಿಡಿದು ನಿಂತಿದ್ದವರು ನಾನು, ಅಪ್ಪ. ಕುದುರೆಗೆ ಅಂಗಳ, ಕುದುರೆ ಸಾಕಿದವರಿಗೆ ಮೋರಿ ಪಕ್ಕ. ಬೇಡ ಅನ್ನು ಅಪ್ಪಾ, ಹೊಟ್ಟೆ ಹಿಡಿಯುತ್ತೆ ಅಂದೆ. ಅಪ್ಪನಿಗೆ ಗೊತ್ತಿರಲಿಲ್ಲವೇ, ಹುಟ್ಟಿದಾಗಿನಿಂದ ಕುದುರೆ ಬಾಲ ಹಿಡಿದು ಬೆಳೆದವನಿಗೆ? ಸುಮ್ಕಿರು ಮಿತ್ರಾ, ನೋಡು, ಅಮ್ನೋರೇ ಕೈಯಾರೆ ತಿನ್ನಿಸ್ತಾವ್ರೆ — ಅವನ ಮುಖದ ಮೇಲೆ ಆ ನಗು, ಆ ಮನೆಯ ಕೈ ನಮ್ಮದೊಂದು ಬಾಯಿಯನ್ನು ಮುಟ್ಟಿತಲ್ಲ ಎನ್ನುವ ನಗು, ಆ ನಗುವನ್ನು ಕಂಡು ನನಗೆ ಉರಿದುಹೋಯಿತು, ಈಗಲೂ ಉರಿಯುತ್ತಿದೆ, ನಡಿ ತಾಯಿ, ಇನ್ನೊಂದು ಸುತ್ತು.

ಬಾಲ ಎತ್ತಿದಳು, ಲದ್ದಿ ಬಿತ್ತು, ಒಂದು ಹಿಡಿಯಷ್ಟು, ಗಟ್ಟಿಯಾಗಿ. ನನಗೆ ಅಳುವೇ ಬಂತು, ಕತ್ತು ತಬ್ಬಿಕೊಂಡೆ, ಬೆವರಿನ ಉಪ್ಪು ಕೆನ್ನೆಗೆ. ಬಿತ್ತಾ, ಬಿತ್ತಾ, ಶೆಡ್ಡಿನಿಂದ ಅಪ್ಪ ಓಡಿಬರುತ್ತಾನೆ, ತೋಳಿನ ಮೇಲೆ ಜರಿಯ ಜೀನು. ಇನ್ನೇನವ್ವ, ವಾಸಿಯಾಯ್ತಲ್ಲ, ಹೊರಡಾಣ. ಅಷ್ಟರಲ್ಲಿ ಫೋನು, ಬೆಳಿಗ್ಗೆಯೇ ಅಪ್ಪ ವಿಷಯ ಮುಟ್ಟಿಸಿದ್ದ, ಮೋಹನ್ ಕುಮಾರರ ಗಂಟಲು ಸ್ಪೀಕರಿಲ್ಲದೆಯೇ ನನಗೂ ಕೇಳುತ್ತೆ, ಏನೋ ಮುನಿಯಾ, ಲದ್ದಿ ಹಾಕ್ತಾ ಇಲ್ವಾ, ಹಾಕಿದ್ರೆ ಕರ್ಕೊಂಡ್ ಬಾ, ಅದೇನ್ ಸಾಯ್ತಾ ಇದೆಯಾ? ಅಪ್ಪನಿಗಿಂತ ಚಿಕ್ಕವನ ಬಾಯಲ್ಲಿ ಮುನಿಯಾ. ಸಾಯುತ್ತಿಲ್ಲ, ನಿಜ, ಅದೇ ಕಷ್ಟ, ಸತ್ತರೆ ಬಿಡುತ್ತಾರೆ, ಸ್ವಲ್ಪ ನೋವಿಗೆ ರಜೆಯಿಲ್ಲ. ನಾನು ಬಿಜಲಿಗೆ ಅಡ್ಡ ನಿಂತೆ. ಅಪ್ಪಾ, ನಿನ್ನೆ ಬಾಯಿ ಬರಲಿಲ್ಲ ನಿನಗೆ, ಇವತ್ತಾದ್ರೂ ಬರಲಿ. ಅಪ್ಪ ನನ್ನನ್ನು ನೋಡಿದ, ಅವಳನ್ನು ನೋಡಿದ, ಜೀನು ತೋಳಿನಿಂದ ಜಾರಿತು, ಹಿಡಿಯಲಿಲ್ಲ. ಆಗಕಿಲ್ಲ ಗೌಡ್ರೇ. ಏನಂದೆ? ಆಗಕಿಲ್ಲ ಅಂದೆ, ಹೊಟ್ಟೆ ಸರಿಯಿಲ್ಲ, ನಿಮ್ಮನೆ ಒಬ್ಬಟ್ಟು ತಿಂದೇ ಹಿಂಗಾಗಿರೋದು. ಫೋನಿನೊಳಗೆ ನಾದಸ್ವರದ ಹಿಂದಿನಿಂದ ಅದೇ ಗಂಟಲು, ತಣ್ಣಗೆ, ಸರಿ ಬಿಡು, ನಾಳೆ ಸೈಟ್ ಖಾಲಿ ಮಾಡು. ಅಪ್ಪ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಾನೆ, ಕಟ್ಟಾಗಿದ್ದು ಗೊತ್ತಿಲ್ಲವೋ ಏನೋ, ಎಲ್ಲಿಗೆ ಹೋಗುವುದು, ಲಗ್ಗೆರೆಯಲ್ಲಿ ಜಾಗ ಕೊಡುವವರು ಯಾರು, ಉಲ್ಲಾಳದ ಕಡೆ ಕೇಳಬೇಕು, ಕೇಳಿದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು, ಆಮೇಲೆ ಯಾವ ಜನ ಅಂತ, ಆಮೇಲೆ — ಕತ್ತು. ಮತ್ತೆ ಆ ಕತ್ತು, ನಿಧಾನಕ್ಕೆ, ಪಕ್ಕೆಯ ಕಡೆಗೆ